668 ನ್ಯಾನೋಮೀಟರಿನ ಕೆಂಪು

ಕಳೆದ ಚಳಿಗಾಲದಲ್ಲಿ ಎರಡು ರಾತ್ರಿ ಒಂದೇ ಗ್ಯಾಲಕ್ಸಿಯ ಕಡೆ ದೂರದರ್ಶಕ ತಿರುಗಿಸಿಟ್ಟು ಕೂತಿದ್ದೆ. ಎಂಟಿಂಚಿನ ಕನ್ನಡಿ, ಕಪ್ಪು-ಬಿಳುಪು ಕ್ಯಾಮೆರಾ, ಅದರ ಮುಂದೆ ಕಾದ ಹೈಡ್ರೋಜನ್ನಿನ ಕೆಂಪು ಬೆಳಕನ್ನಷ್ಟೇ ಬಿಡುವ ಹೈಡ್ರೋಜನ್-ಆಲ್ಫಾ ಫಿಲ್ಟರ್. ಐದೈದು ನಿಮಿಷದ 66 ಚಿತ್ರ ತೆಗೆದೆ. ಎಲ್ಲವನ್ನೂ ಒಂದರ ಮೇಲೊಂದು ಪೇರಿಸಿ, ಕಂಪ್ಯೂಟರಿನಲ್ಲಿ ಬೆಳಕು ಹಿಗ್ಗಿಸಿ ನೋಡಿದರೆ ನಡುವೆ ಒಂದು ಮಬ್ಬು ಚುಕ್ಕೆ, ಸುತ್ತ ಬರೀ ಖಾಲಿ. ನಾನು ಹುಡುಕುತ್ತಿದ್ದದ್ದು ಆ ಚುಕ್ಕೆಯ ಸುತ್ತ ಬಿಚ್ಚಿದ ಜಡೆಯ ಹಾಗೆ ಹರಡಿಕೊಂಡಿರುವ ಅನಿಲದ ಕೆಂಪು ಎಳೆಗಳನ್ನು. ಒಂದೇ ಒಂದು ಎಳೆಯೂ ಇರಲಿಲ್ಲ.

ಆ ಗ್ಯಾಲಕ್ಸಿಯ ಹೆಸರು ಎನ್‌ಜಿಸಿ 1275. ಆಲ್ಗಾಲ್ ನಕ್ಷತ್ರದಿಂದ ಸುಮಾರು ಎರಡು ಡಿಗ್ರಿ ಪಕ್ಕಕ್ಕೆ ಸರಿದರೆ ಸಿಗುತ್ತದೆ. ಪರ್ಸಿಯಸ್ ಗ್ಯಾಲಕ್ಸಿ ಗುಚ್ಛದ ಸರಿಯಾಗಿ ನಡುಮಧ್ಯೆ, ನಮ್ಮಿಂದ ಸುಮಾರು 24 ಕೋಟಿ ಜ್ಯೋತಿರ್ವರ್ಷ ದೂರ.

ತಪ್ಪು ಎಲ್ಲಿ ಅಂತ ಗೊತ್ತಾಗಲು ಮೂರು ದಿನ ಹಿಡಿಯಿತು. ಫೋಕಸ್ ಸರಿ ಇತ್ತು, ಟ್ರ್ಯಾಕಿಂಗ್ ಸರಿ ಇತ್ತು, ಆಕಾಶವೂ ಚೆನ್ನಾಗಿತ್ತು. ಕಾದ ಹೈಡ್ರೋಜನ್ ಸೂಸುವ ಕೆಂಪು ಬೆಳಕಿನ ತರಂಗಾಂತರ 656.3 ನ್ಯಾನೋಮೀಟರ್. ನನ್ನ ಫಿಲ್ಟರ್ 7 ನ್ಯಾನೋಮೀಟರ್ ಅಗಲದ್ದು, ಅಂದರೆ ಹೆಚ್ಚುಕಮ್ಮಿ 653ರಿಂದ 660ರ ತನಕ ಮಾತ್ರ ಬೆಳಕು ಬಿಡುತ್ತದೆ. ಆದರೆ ಎನ್‌ಜಿಸಿ 1275 ನಮ್ಮಿಂದ ಸೆಕೆಂಡಿಗೆ 5,000 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ದೂರ ಸರಿಯುತ್ತಿದೆ. ಅದರ ಬೆಳಕು ನೂರಕ್ಕೆ 1.76ರಷ್ಟು ಹಿಗ್ಗಿ ಬರುತ್ತದೆ. 656.3 ಹಿಗ್ಗಿದರೆ 668 ಆಗುತ್ತದೆ. ಎಳೆಗಳ ಬೆಳಕು ಎರಡು ರಾತ್ರಿಯೂ ಕನ್ನಡಿಯ ಮೇಲೆ ಬೀಳುತ್ತಲೇ ಇತ್ತು, ನಾನೇ ಇಟ್ಟ ಗಾಜು ಅದನ್ನು ಹೊರಗೆ ನಿಲ್ಲಿಸಿತ್ತು.

ಕಾಗದದ ಮೇಲೆ ಆ ಗುಣಾಕಾರ ಮಾಡಿದ ಸಂಜೆ ನನಗೆ ಬೇಜಾರಿಗಿಂತ ಹೆಚ್ಚಾಗಿ ಸಂತೋಷವಾಯಿತು. 1963ರಲ್ಲಿ ಮಾರ್ಟೆನ್ ಶ್ಮಿಟ್ 3ಸಿ 273 ಎಂಬ ವಿಚಿತ್ರ 'ನಕ್ಷತ್ರ'ದ ವರ್ಣಪಟಲ ನೋಡುತ್ತಿದ್ದಾಗ ಅದರಲ್ಲಿದ್ದ ಗೆರೆಗಳು ಯಾವ ಧಾತುವಿಗೂ ಹೊಂದುತ್ತಿರಲಿಲ್ಲ. ಅವು ನಮಗೆ ಗೊತ್ತಿರುವ ಹೈಡ್ರೋಜನ್ ಗೆರೆಗಳೇ, ಸುಮಾರು ಶೇಕಡಾ 16ರಷ್ಟು ಕೆಂಪಿನ ಕಡೆ ಸರಿದಿವೆ ಅಂತ ಹೊಳೆದದ್ದೇ ಕ್ವೇಸಾರ್‌ಗಳ ಕಥೆಯ ಆರಂಭ. ಅಷ್ಟು ದೂರದಲ್ಲಿದ್ದೂ ಅಷ್ಟು ಪ್ರಕಾಶ ಬರಬೇಕಾದರೆ ಅಲ್ಲಿ ನಕ್ಷತ್ರಗಳ ಉರಿ ಸಾಲದು, ದೈತ್ಯ ಕಪ್ಪುಕುಳಿಯೊಂದಕ್ಕೆ ಅನಿಲ ಬೀಳುತ್ತಿರಬೇಕು ಅನ್ನುವ ತೀರ್ಮಾನಕ್ಕೆ ವಿಜ್ಞಾನಿಗಳು ನಿಧಾನವಾಗಿ ಬಂದರು. ಗೆರೆ ಸರಿದ ಅದೇ ಲೆಕ್ಕವನ್ನು ನನ್ನ ಖಾಲಿ ಚಿತ್ರ ನನ್ನ ಕೈಯಲ್ಲೂ ಮಾಡಿಸಿತು.

ಇನ್ನು ಈ ಗ್ಯಾಲಕ್ಸಿಯೇ ಯಾಕೆ ಅನ್ನುವುದಕ್ಕೆ ಬರುತ್ತೇನೆ. ಗ್ಯಾಲಕ್ಸಿಯ ನಡುವಿನ ಕಪ್ಪುಕುಳಿಗೂ ಅಲ್ಲಿ ನಕ್ಷತ್ರಗಳು ಹುಟ್ಟುವುದಕ್ಕೂ ಏನು ನಂಟು ಅನ್ನುವ ಪ್ರಶ್ನೆಯೇ ಕಾರಣ.

ನನ್ನ ಹಳೆಯ ಚಿತ್ರಗಳಲ್ಲಿ ಎರಡನ್ನು ಯಾವಾಗಲೂ ಅಕ್ಕಪಕ್ಕ ಇಟ್ಟು ನೋಡುತ್ತೇನೆ. ಒಂದು ಎಂ33. ಸುಮಾರು 27 ಲಕ್ಷ ಜ್ಯೋತಿರ್ವರ್ಷ ದೂರದ ಸುರುಳಿ ಗ್ಯಾಲಕ್ಸಿ. ಹೈಡ್ರೋಜನ್-ಆಲ್ಫಾದಲ್ಲಿ ಅದರ ತೋಳುಗಳ ತುಂಬ ಕೆಂಪು ಮಣಿಗಳು. ಒಂದೊಂದು ಮಣಿಯೂ ನಕ್ಷತ್ರಗಳು ಹುಟ್ಟುತ್ತಿರುವ ಜಾಗ. ಎಲ್ಲಕ್ಕಿಂತ ದೊಡ್ಡ ಮಣಿ ಎನ್‌ಜಿಸಿ 604, ಅದೊಂದೇ ಸುಮಾರು 1,500 ಜ್ಯೋತಿರ್ವರ್ಷ ಅಗಲ. ಇನ್ನೊಂದು ಚಿತ್ರ ಎಂ87ರದು. ಐದೂವರೆ ಕೋಟಿ ಜ್ಯೋತಿರ್ವರ್ಷ ಆಚೆಯ ಭಾರೀ ಗ್ಯಾಲಕ್ಸಿ, ನೋಡಲು ಹತ್ತಿ ಉಂಡೆಯ ಹಾಗೆ. ಮಣಿಗಳಿಲ್ಲ, ತೋಳುಗಳಿಲ್ಲ. ನಕ್ಷತ್ರಗಳು ಬಹುಪಾಲು ಮುದಿ. ನಡುವಿನಿಂದ ಒಂದು ಕಡೆಗೆ ಸೂಜಿಯಂಥ ಗೆರೆ ಮಾತ್ರ, ಹೀಬರ್ ಕರ್ಟಿಸ್ 1918ರಲ್ಲೇ ಗುರುತಿಸಿದ್ದ ಜೆಟ್ ಅದು, ಗ್ಯಾಲಕ್ಸಿಯ ನಡುವಿನಿಂದ ಚಿಮ್ಮುವ ಕಣಗಳ ಧಾರೆ.

ಈಗ ಇವುಗಳಲ್ಲಿ ಒಂದೊಂದರ ನಡುಮಧ್ಯೆಯೂ ಏನಿದೆ ಅಂತ ಕೇಳಿ. ಎಂ87ರಲ್ಲಿ 650 ಕೋಟಿ ಸೂರ್ಯರ ತೂಕದ ಕಪ್ಪುಕುಳಿ ಇದೆ, 2019ರ ಏಪ್ರಿಲ್‌ನಲ್ಲಿ ಇಡೀ ಜಗತ್ತು ನೋಡಿದ ಆ ಕಿತ್ತಳೆ ಬಣ್ಣದ ಉಂಗುರ ಅದರದ್ದೇ. ಎಂ33ರಲ್ಲಿ ಹುಡುಕಿದವರಿಗೆ ಕೆಲವು ಸಾವಿರ ಸೂರ್ಯರಿಗಿಂತ ಭಾರದ ಕಪ್ಪುಕುಳಿ ಸಿಕ್ಕಿಲ್ಲ. ಅದರ ನಡುವೆ ನಕ್ಷತ್ರಗಳು ದಟ್ಟವಾಗಿ ಗುಂಪುಗೂಡಿದ ಉಬ್ಬೂ ಇಲ್ಲ, ಕಪ್ಪುಕುಳಿಯೂ ಇಲ್ಲದಂತೆ. ಮಣಿಗಳು ಮಾತ್ರ ಬೇಕಾದಷ್ಟು. ಎರಡೇ ಚಿತ್ರದಿಂದ ಏನನ್ನೂ ಸಾಧಿಸಿದ ಹಾಗಾಗುವುದಿಲ್ಲ, ಗೊತ್ತು. ಆದರೆ ನನ್ನನ್ನು ಈ ವಿಷಯಕ್ಕೆ ಎಳೆದದ್ದು ಈ ಜೋಡಿಯೇ.

ಎರಡಲ್ಲ, ಹತ್ತಾರು ಗ್ಯಾಲಕ್ಸಿಗಳನ್ನು ಅಳೆದವರು ಕಂಡದ್ದು ಇನ್ನೂ ಬೆರಗಿನದು. 1998ರಲ್ಲಿ ಜಾನ್ ಮಗೋರಿಯನ್ ಮತ್ತು ಸಂಗಡಿಗರು, 2000ದಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ತೋರಿಸಿದ್ದು ಇಷ್ಟು: ಗ್ಯಾಲಕ್ಸಿಯ ನಡುವಿನ ಉಬ್ಬು ಎಷ್ಟು ಭಾರವೋ, ಅಲ್ಲಿನ ನಕ್ಷತ್ರಗಳ ಓಡಾಟ ಎಷ್ಟು ಚುರುಕೋ, ಕಪ್ಪುಕುಳಿಯೂ ಅದಕ್ಕೆ ತಕ್ಕಷ್ಟೇ ಭಾರ. ಉಬ್ಬಿನ ತೂಕದ ಸಾವಿರದಲ್ಲಿ ಕೆಲವು ಪಾಲು. ದೊಡ್ಡದಕ್ಕೆ ದೊಡ್ಡದು, ಚಿಕ್ಕದಕ್ಕೆ ಚಿಕ್ಕದು, ಇದರಲ್ಲೇನು ವಿಶೇಷ ಅನ್ನಿಸಬಹುದು. ಅಳತೆಗಳನ್ನು ನೋಡಿ. ನಮ್ಮ ಆಕಾಶಗಂಗೆಯ ಕಪ್ಪುಕುಳಿ 43 ಲಕ್ಷ ಸೂರ್ಯರ ತೂಕ, ಆದರೆ ಅದರ ಅಗಲ ಸುಮಾರು ಎರಡೂವರೆ ಕೋಟಿ ಕಿಲೋಮೀಟರ್. ಬುಧನ ಕಕ್ಷೆಯೊಳಗೆ ಆರಾಮಾಗಿ ಹಿಡಿಸುತ್ತದೆ. ಅದರ ಗುರುತ್ವದ ಹಿಡಿತ ಹತ್ತು ಜ್ಯೋತಿರ್ವರ್ಷದ ಆಸುಪಾಸಿಗೆ ಮುಗಿಯಿತು, ಅದರಾಚೆ ಸುತ್ತಲಿನ ನಕ್ಷತ್ರಗಳ ಒಟ್ಟು ಎಳೆತದ್ದೇ ಮೇಲುಗೈ. ಗ್ಯಾಲಕ್ಸಿಯ ತಟ್ಟೆಯೋ, ಒಂದು ಲಕ್ಷ ಜ್ಯೋತಿರ್ವರ್ಷ. ಅಷ್ಟು ಪುಟ್ಟದಕ್ಕೆ ಇಷ್ಟು ದೊಡ್ಡದರ ಸುದ್ದಿ ತಿಳಿಯುವುದಾದರೂ ಹೇಗೆ?

ಗುರುತ್ವದಿಂದಲ್ಲ, ಶಾಖದಿಂದ. ಸೂರ್ಯನೊಳಗೆ ಹೈಡ್ರೋಜನ್ ಉರಿದು ಹೀಲಿಯಂ ಆಗುವಾಗ ಅದರ ತೂಕದ ಶೇಕಡಾ 0.7ರಷ್ಟು ಮಾತ್ರ ಶಕ್ತಿಯಾಗುತ್ತದೆ. ಕಪ್ಪುಕುಳಿಗೆ ಸುತ್ತಿ ಸುತ್ತಿ ಬೀಳುವ ಅನಿಲದಲ್ಲಿ ಹತ್ತಿರಹತ್ತಿರ ಹತ್ತರಲ್ಲೊಂದು ಪಾಲು ತೂಕವೇ ಶಕ್ತಿಯಾಗಿ ಹೊರಬರುತ್ತದೆ. ದೈತ್ಯ ಕಪ್ಪುಕುಳಿಯೊಂದು ಬೆಳೆಯುತ್ತಾ ಹೊರಹಾಕಿದ ಶಕ್ತಿಯನ್ನೆಲ್ಲ ಕೂಡಿದರೆ, ಅದು ಆ ಗ್ಯಾಲಕ್ಸಿಯ ಉಬ್ಬನ್ನು ಕಟ್ಟಿಹಿಡಿದಿರುವ ಶಕ್ತಿಗಿಂತ ಹತ್ತಾರು ಪಟ್ಟು ಹೆಚ್ಚು. ಅದರಲ್ಲಿ ನೂರಕ್ಕೆ ಒಂದೆರಡು ಪಾಲು ಅನಿಲಕ್ಕೆ ತಟ್ಟಿದರೂ ಸಾಕು, ನಕ್ಷತ್ರ ಹುಟ್ಟುವುದಕ್ಕೆ ಅಡ್ಡಿಯಾಗುತ್ತದೆ. ನಕ್ಷತ್ರ ಹುಟ್ಟಬೇಕಾದರೆ ಅನಿಲ ತಣ್ಣಗಿರಬೇಕು. ಬಿಸಿ ಅನಿಲ ಉಬ್ಬಿಕೊಂಡಿರುತ್ತದೆ, ಕುಸಿಯುವುದಿಲ್ಲ.

ಕಪ್ಪುಕುಳಿಯನ್ನು ರಾಕ್ಷಸ, ನುಂಗಣ್ಣ ಅಂತೆಲ್ಲ ಬರೆಯುವುದನ್ನು ಓದಿದಾಗ ನನಗೆ ಸಂಕಟವಾಗುವುದು ಇದಕ್ಕೇ. ನುಂಗುವುದು ಅದು ಮಾಡುವ ಕೆಲಸಗಳಲ್ಲಿ ತೀರಾ ಸಣ್ಣದು. ದೊಡ್ಡ ಕೆಲಸ ಬೆಂಕಿಯ ಉಸ್ತುವಾರಿ.

ಹಗಲು ನಾನು ಮಾಡುವ ಕೆಲಸ ಬಾಯ್ಲರ್ ನಿಯಂತ್ರಣದ್ದು. ಉಷ್ಣತೆ ಇಳಿದರೆ ಇಂಧನದ ಕವಾಟ ತುಸು ತೆರೆಯಬೇಕು, ಏರಿದರೆ ತುಸು ಮುಚ್ಚಬೇಕು. ಇದನ್ನೇ ನಾವು ಲೂಪ್ ಅನ್ನುತ್ತೇವೆ, ದಿನವಿಡೀ ನಮ್ಮ ಮಾತೆಲ್ಲ ಅದರದ್ದೇ: ಲೂಪ್ ಆಟೋದಲ್ಲಿದೆಯಾ, ಲೂಪ್ ಹಂಟ್ ಆಗ್ತಿದೆಯಾ, ಅಂದರೆ ನೆಲೆ ನಿಲ್ಲದೆ ತೂಗಾಡ್ತಿದೆಯಾ. ಹಾಗಾಗಿ ಪರ್ಸಿಯಸ್ ಗುಚ್ಛದ ಬಗ್ಗೆ ಮೊದಲ ಸಲ ಓದಿದಾಗ ಅದು ಖಗೋಳ ಅನ್ನಿಸಲೇ ಇಲ್ಲ, ನಮ್ಮ ಕಂಟ್ರೋಲ್ ರೂಮಿನ ಪರದೆಯ ಹಾಗೆ ಕಂಡಿತು.

ವಿಷಯ ಇಷ್ಟು. ಆ ಗುಚ್ಛದ ಗ್ಯಾಲಕ್ಸಿಗಳ ನಡುವಿನ ಜಾಗವೆಲ್ಲ ಕೋಟಿಗಟ್ಟಲೆ ಡಿಗ್ರಿ ಕಾದ ಅನಿಲ. ಅದು ಎಕ್ಸ್-ರೇ ಸೂಸುತ್ತಾ ತಣಿಯುತ್ತಿರುತ್ತದೆ. ನಡುಭಾಗದಲ್ಲಿ ಅನಿಲ ದಟ್ಟ, ಅಲ್ಲಿ ತಣಿಯುವುದೂ ಬೇಗ. ತಣಿದದ್ದು ಎನ್‌ಜಿಸಿ 1275ರ ಮೇಲೆ ಸುರಿಯಬೇಕು, ಸುರಿದದ್ದು ನಕ್ಷತ್ರಗಳಾಗಬೇಕು. ಲೆಕ್ಕದ ಪ್ರಕಾರ ವರ್ಷಕ್ಕೆ ನೂರಾರು ಸೂರ್ಯರು. ನಮ್ಮ ಆಕಾಶಗಂಗೆಯಲ್ಲಿ ಹುಟ್ಟುವುದು ವರ್ಷಕ್ಕೆ ಒಂದೆರಡು ಸೂರ್ಯರಷ್ಟು ಮಾತ್ರ, ಹೋಲಿಸಿ ನೋಡಿ. ಆದರೆ ಅಲ್ಲಿ ಹುಟ್ಟುತ್ತಿರುವುದು ಆ ಲೆಕ್ಕದ ಸಣ್ಣದೊಂದು ಪಾಲು. ಅಂದರೆ ಒಲೆ ಆರದಂತೆ ಯಾರೋ ಸೌದೆ ಒಟ್ಟುತ್ತಲೇ ಇದ್ದಾರೆ.

ಯಾರು ಅನ್ನುವುದು ಎಕ್ಸ್-ರೇ ಚಿತ್ರಗಳಲ್ಲಿ ಕಾಣುತ್ತದೆ. ಚಂದ್ರಾ ದೂರದರ್ಶಕದ ಚಿತ್ರದಲ್ಲಿ ಎನ್‌ಜಿಸಿ 1275ರ ಎರಡೂ ಬದಿಗೆ ಕಪ್ಪು ಪೊಟರೆಗಳಿವೆ. ಕಪ್ಪುಕುಳಿಯ ಜೆಟ್‌ಗಳು ಅನಿಲವನ್ನು ಪಕ್ಕಕ್ಕೆ ನೂಕಿ ಊದಿದ ಗುಳ್ಳೆಗಳು ಅವು. ರೇಡಿಯೋದಲ್ಲಿ ನೋಡಿದರೆ ಆ ಪೊಟರೆಗಳು ಖಾಲಿಯಲ್ಲ, ಜೆಟ್ ತಂದು ಸುರಿದ ಕಣಗಳಿಂದ ಭರ್ತಿ. ಇನ್ನೂ ಹೊರಗೆ ಹಳೆಯ ಗುಳ್ಳೆಗಳು ತೇಲಿಹೋಗಿರುವ ಗುರುತುಗಳಿವೆ. ಗುಳ್ಳೆಗಳಾಚೆ ಅಲೆಗಳು. ಆಂಡಿ ಫೇಬಿಯನ್ ತಂಡ 2003ರಲ್ಲಿ ಅವು ಶಬ್ದದ ಅಲೆಗಳು ಅಂತ ಹೇಳಿತು. ಒಂದು ಅಲೆಯಿಂದ ಇನ್ನೊಂದಕ್ಕೆ ಹತ್ತಿರಹತ್ತಿರ ಒಂದು ಕೋಟಿ ವರ್ಷ. ಸಂಗೀತದ ಲೆಕ್ಕದಲ್ಲಿ ಪಿಯಾನೋದ ನಡು ಸಿ ಸ್ವರಕ್ಕಿಂತ 57 ಸಪ್ತಕ ಕೆಳಗಿನ ಬಿ-ಫ್ಲಾಟ್.

ನನಗೆ ಈ ವಾದ ನೆಚ್ಚಿಕೆಯಾದದ್ದು ಚಿತ್ರದ ಚಂದದಿಂದಲ್ಲ, ಅದರ ಹಿಂದಿನ ಲೆಕ್ಕದಿಂದ. ಗುಳ್ಳೆಯ ಗಾತ್ರ ಅಳೆಯಬಹುದು. ಸುತ್ತಲಿನ ಅನಿಲದ ಒತ್ತಡ ಅಳೆಯಬಹುದು. ಎರಡನ್ನೂ ಗುಣಿಸಿದರೆ ಊದಲು ಖರ್ಚಾದ ಶಕ್ತಿ ಅಂದಾಜಿಗೆ ಸಿಗುತ್ತದೆ. ಗುಳ್ಳೆ ಅಲ್ಲಿಗೆ ತೇಲಿ ಬರಲು ಹಿಡಿದ ಕಾಲದಿಂದ ಭಾಗಿಸಿದರೆ ಹೀಟರಿನ ಸಾಮರ್ಥ್ಯ ಬಂತು. ಅನಿಲ ಎಕ್ಸ್-ರೇಯಲ್ಲಿ ಕಳೆದುಕೊಳ್ಳುವ ಶಾಖ ನೇರವಾಗಿ ಅಳತೆಗೆ ಸಿಗುತ್ತದೆ. ಹತ್ತಾರು ಗುಚ್ಛಗಳಲ್ಲಿ ಈ ಜಮೆ ಮತ್ತು ಖರ್ಚು ಸರಿಸುಮಾರು ಸಮ. ನಮ್ಮಲ್ಲಿ ಒಂದು ಬಾಯ್ಲರಿನ ಶಾಖದ ಲೆಕ್ಕ ಹೀಗೆ ತಾಳೆಯಾದರೆ, ಲೂಪ್ ಕೆಲಸ ಮಾಡುತ್ತಿದೆ ಅಂತ ಸಹಿ ಹಾಕುತ್ತೇವೆ.

ಸುತ್ತು ಹೀಗೆ ತಿರುಗುತ್ತದೆ: ಅನಿಲ ತಣಿದು ಹನಿಹನಿಯಾಗಿ ಕಪ್ಪುಕುಳಿಗೆ ಬೀಳುತ್ತದೆ, ಜೆಟ್ ಹೊತ್ತಿಕೊಳ್ಳುತ್ತದೆ, ಅನಿಲ ಕಾಯುತ್ತದೆ, ಬೀಳುವುದು ನಿಲ್ಲುತ್ತದೆ, ಜೆಟ್ ಸೊರಗುತ್ತದೆ, ಮತ್ತೆ ಅನಿಲ ತಣಿಯತೊಡಗುತ್ತದೆ.

ಶಾಖ ಅನಿಲದೊಳಕ್ಕೆ ಹೋಗಿ ಹಂಚಿಕೆಯಾಗುವ ಬಗೆ ಇನ್ನೂ ಚರ್ಚೆಯಲ್ಲಿದೆ. ಜಪಾನಿನ ಹಿಟೋಮಿ ಉಪಗ್ರಹ 2016ರ ಫೆಬ್ರವರಿಯಲ್ಲಿ ಹಾರಿ, ಮಾರ್ಚ್ ಕೊನೆಯಲ್ಲಿ ಕೈತಪ್ಪಿ ಹೋಯಿತು. ಆ ಕೆಲವೇ ವಾರಗಳಲ್ಲಿ ಅದು ಇದೇ ಪರ್ಸಿಯಸ್ ಅನಿಲದ ತಳಮಳವನ್ನು ಅಳೆದಿತ್ತು: ಸೆಕೆಂಡಿಗೆ 164 ಕಿಲೋಮೀಟರ್. ಗುಳ್ಳೆಗಳು ಏಳುತ್ತಿರುವ ಜಾಗಕ್ಕೆ ಅದು ಶಾಂತ ಅನ್ನಬೇಕಾದ ವೇಗ. ಕೊತಕೊತ ಕುದಿಯುತ್ತಿಲ್ಲ, ಹದವಾಗಿ ಕಾಯುತ್ತಿದೆ. ಆ ಒಂದು ಸಂಖ್ಯೆಗಾಗಿ ಆ ಉಪಗ್ರಹ ಕಟ್ಟಿದವರನ್ನು ನಾನು ನೆನೆಯುತ್ತಿರುತ್ತೇನೆ.

ಎಲ್ಲ ಕಡೆಯೂ ಇಷ್ಟು ಹದ ಇರುವುದಿಲ್ಲ. ಮಾರ್ಕೇರಿಯನ್ 231 ಎಂಬ ಗ್ಯಾಲಕ್ಸಿಯ ನಡುವೆ ಕ್ವೇಸಾರ್ ಉರಿಯುತ್ತಿದೆ. ಅಲ್ಲಿಂದ ವರ್ಷಕ್ಕೆ ಸುಮಾರು 700 ಸೂರ್ಯರಷ್ಟು ತಣ್ಣನೆಯ ಅನಿಲ ಹೊರಗೆ ತೂರಿಹೋಗುತ್ತಿದೆ ಅಂತ 2010ರಲ್ಲಿ ಅಳೆದರು. ಅದೇ ಗ್ಯಾಲಕ್ಸಿಯಲ್ಲಿ ಹುಟ್ಟುತ್ತಿರುವುದು ವರ್ಷಕ್ಕೆ 200 ಸೂರ್ಯರ ಆಸುಪಾಸು. ಹುಟ್ಟಿಗಿಂತ ಸೋರಿಕೆಯೇ ಹೆಚ್ಚು. ಇನ್ನು ನಮ್ಮದೇ ಮನೆಯಲ್ಲಿ, 2010ರಲ್ಲೇ ಫರ್ಮಿ ದೂರದರ್ಶಕದ ದತ್ತಾಂಶದಲ್ಲಿ ಆಕಾಶಗಂಗೆಯ ತಟ್ಟೆಯ ಮೇಲೂ ಕೆಳಗೂ 25,000 ಜ್ಯೋತಿರ್ವರ್ಷ ಎದ್ದಿರುವ ಎರಡು ಗುಳ್ಳೆಗಳು ಸಿಕ್ಕವು. ನಮ್ಮ ಕಪ್ಪುಕುಳಿ ಊದಿದ್ದೋ, ನಡುವೆ ಒಮ್ಮೆಲೇ ಹುಟ್ಟಿ ಸತ್ತ ನಕ್ಷತ್ರಗಳು ಊದಿದ್ದೋ, ಎರಡು ಪಕ್ಷವೂ ಇದೆ. ಜೆಟ್ ಯಾವಾಗಲೂ ಅಡ್ಡಿಯೇ ಅಂತಲೂ ಅಲ್ಲ. ಸೆಂಟಾರಸ್ ಎ ಗ್ಯಾಲಕ್ಸಿಯಲ್ಲಿ ಜೆಟ್ ಹಾದ ದಾರಿಯ ಹತ್ತಿರ ಅನಿಲ ಒತ್ತಿಕೊಂಡು ಎಳೆಯ ನಕ್ಷತ್ರಗಳು ಹುಟ್ಟಿವೆ.

ಇಡೀ ವಿಶ್ವದ ಲೆಕ್ಕದಲ್ಲೂ ನಕ್ಷತ್ರಗಳ ಹುಟ್ಟು, ಕಪ್ಪುಕುಳಿಗಳ ಬೆಳವಣಿಗೆ ಎರಡೂ ಜೊತೆಜೊತೆಗೇ ನಡೆದು ಬಂದಿವೆ. ನಕ್ಷತ್ರಗಳ ಹುಟ್ಟು ಅತ್ಯಂತ ಜೋರಾಗಿದ್ದದ್ದು ಸುಮಾರು 1,000 ಕೋಟಿ ವರ್ಷಗಳ ಹಿಂದೆ. ಕಪ್ಪುಕುಳಿಗಳು ಅತ್ಯಂತ ಬೇಗ ಮೈತುಂಬಿಕೊಂಡದ್ದೂ ಆಗಲೇ. ಆಮೇಲೆ ಎರಡೂ ಇಳಿಮುಖ. ಸೂರ್ಯ ಹುಟ್ಟುವ ಹೊತ್ತಿಗೆ, ಅಂದರೆ 460 ಕೋಟಿ ವರ್ಷಗಳ ಹಿಂದೆ, ಜಾತ್ರೆ ಆಗಲೇ ತೆಳುವಾಗಿತ್ತು. ಎರಡು ರೇಖೆಗಳನ್ನು ಒಂದೇ ಹಾಳೆಯ ಮೇಲೆ ಎಳೆಯಬೇಕಾದರೆ ಕಪ್ಪುಕುಳಿಯದನ್ನು ಕೆಲವು ಸಾವಿರ ಪಟ್ಟು ಮೇಲೆತ್ತಬೇಕು. ಎತ್ತಿದರೆ ಒಂದರ ನೆರಳು ಇನ್ನೊಂದು.

ಇಲ್ಲಿ ನನ್ನ ವೃತ್ತಿ ನನ್ನನ್ನು ತಡೆದು ನಿಲ್ಲಿಸುತ್ತದೆ. ಎರಡು ರೇಖೆ ಒಟ್ಟಿಗೆ ಏರಿಳಿದರೆ ಅವುಗಳ ನಡುವೆ ಲೂಪ್ ಇದೆ ಅಂತಲ್ಲ. ಎರಡಕ್ಕೂ ಒಂದೇ ಪೈಪಿನಿಂದ ಇಂಧನ ಬರುತ್ತಿದ್ದರೂ ರೇಖೆಗಳು ಹಾಗೇ ಕಾಣುತ್ತವೆ. ಆ ಕಾಲದಲ್ಲಿ ಗ್ಯಾಲಕ್ಸಿಗಳಲ್ಲಿ ತಣ್ಣನೆಯ ಅನಿಲ ಹೇರಳವಾಗಿತ್ತು, ನಕ್ಷತ್ರಗಳೂ ಕಪ್ಪುಕುಳಿಗಳೂ ಒಂದೇ ಕಣಜದಿಂದ ಉಂಡವು, ಅಷ್ಟೇ ಇರಬಹುದು. ಗ್ಯಾಲಕ್ಸಿಗಳು ಮತ್ತೆ ಮತ್ತೆ ಕೂಡಿಕೊಂಡಾಗ ಉಬ್ಬುಗಳೂ ಕೂಡುತ್ತವೆ, ಕಪ್ಪುಕುಳಿಗಳೂ ಕೂಡುತ್ತವೆ. ಸರಾಸರಿಯಿಂದಲೇ ಒಂದು ಅನುಪಾತ ನೆಲೆಗೊಳ್ಳುತ್ತದೆ ಅಂತ ತೋರಿಸಿದವರೂ ಇದ್ದಾರೆ. ಈ ಆಕ್ಷೇಪಣೆ ನನಗೆ ತೂಕದ್ದು ಅನ್ನಿಸುತ್ತದೆ. ಅದಕ್ಕೇ ನಾನು ನೆಚ್ಚುವುದು ಅನುಪಾತವನ್ನಲ್ಲ, ಪರ್ಸಿಯಸ್ಸಿನ ಗುಳ್ಳೆಗಳನ್ನು.

ಇನ್ನೊಂದು ತೊಡಕಿದೆ. ಒಂದೊಂದೇ ಗ್ಯಾಲಕ್ಸಿ ಹಿಡಿದು, ಕಪ್ಪುಕುಳಿ ಉರಿಯುತ್ತಿರುವಲ್ಲೆಲ್ಲ ನಕ್ಷತ್ರಗಳ ಹುಟ್ಟು ನಿಂತಿದೆಯೇ ಅಂತ ನೋಡಿದರೆ ಉತ್ತರ ಗಲಿಬಿಲಿ. ಎಷ್ಟೋ ಕಡೆ ಎರಡೂ ಜೋರಾಗಿವೆ. ಇದನ್ನು ಓದಿದಾಗ ನನಗೆ ಹಳೆಯ ಸಮಸ್ಯೆಯೊಂದು ನೆನಪಾಯಿತು. ಹಿಂದೆ ನಾನಿದ್ದ ಒಂದು ಕಡೆ ಹೀಟರಿನಿಂದ ನಲವತ್ತು ಮೀಟರ್ ಆಚೆ ಉಷ್ಣತೆಯ ಸೆನ್ಸರ್ ಕೂರಿಸಿದ್ದರು. ಬಿಸಿಯಾದ ಸುದ್ದಿ ತಲುಪುವಷ್ಟರಲ್ಲಿ ಕವಾಟ ಪೂರ್ತಿ ತೆರೆದಿರುತ್ತಿತ್ತು, ತಣಿದ ಸುದ್ದಿ ತಲುಪುವಷ್ಟರಲ್ಲಿ ಪೂರ್ತಿ ಮುಚ್ಚಿರುತ್ತಿತ್ತು. ಯಾವುದೋ ಒಂದು ನಿಮಿಷದಲ್ಲಿ ಹೋಗಿ ಮೀಟರ್ ನೋಡಿದರೆ ಕವಾಟ ತೆರೆದಿದೆ, ಉಷ್ಣತೆಯೂ ಮೇಲಿದೆ. ಇದಕ್ಕೂ ಅದಕ್ಕೂ ಸಂಬಂಧವೇ ಇಲ್ಲ ಅನ್ನಿಸಬೇಕು, ಹಾಗೆ. ಇಡೀ ದಿನದ ಚಾರ್ಟ್ ಬಿಡಿಸಿದರೆ ಮಾತ್ರ ಸಂಬಂಧ ಕಾಣುತ್ತಿತ್ತು. ಸೆನ್ಸರನ್ನು ಹತ್ತಿರ ತಂದ ಮೇಲೆ ತೂಗಾಟ ನಿಂತಿತು.

ಗ್ಯಾಲಕ್ಸಿಗಳಲ್ಲಿ ಸೆನ್ಸರ್ ಹತ್ತಿರ ತರುವ ಹಾಗಿಲ್ಲ, ಚಾರ್ಟೂ ಇಲ್ಲ. ಕಪ್ಪುಕುಳಿ ಹೊತ್ತಿ ಆರುವುದು ಲಕ್ಷ ವರ್ಷಗಳ ಆಟ. ನಕ್ಷತ್ರಗಳ ಹುಟ್ಟು ಏರಿಳಿಯುವುದು ಹತ್ತಾರು ಕೋಟಿ ವರ್ಷಗಳಲ್ಲಿ. ನಮಗೆ ಸಿಗುವುದು ಒಂದೊಂದು ಗ್ಯಾಲಕ್ಸಿಯದೂ ಒಂದೇ ಒಂದು ಕ್ಷಣದ ಚಿತ್ರ. ಕಪ್ಪುಕುಳಿ ಎಷ್ಟು ಬೇಗ ಆರಬಲ್ಲದು ಅನ್ನುವುದಕ್ಕೆ ಅಪರೂಪದ ಸಾಕ್ಷಿ ಸಿಕ್ಕಿದ್ದು 2007ರಲ್ಲಿ. ಹ್ಯಾನಿ ವಾನ್ ಆರ್ಕೆಲ್ ಎಂಬ ಡಚ್ ಶಾಲಾ ಶಿಕ್ಷಕಿ 'ಗ್ಯಾಲಕ್ಸಿ ಜೂ' ಯೋಜನೆಯಲ್ಲಿ ಚಿತ್ರಗಳನ್ನು ವಿಂಗಡಿಸುತ್ತಿದ್ದಾಗ ಐಸಿ 2497 ಗ್ಯಾಲಕ್ಸಿಯ ಪಕ್ಕ ಹೊಳೆಯುತ್ತಿದ್ದ ಮೋಡವೊಂದನ್ನು ಗುರುತಿಸಿದರು. ಆ ಮೋಡವನ್ನು ಬೆಳಗಲು ಕ್ವೇಸಾರ್ ಬೇಕು. ಆದರೆ ಗ್ಯಾಲಕ್ಸಿಯ ನಡುವೆ ಈಗ ಕ್ವೇಸಾರ್ ಇಲ್ಲ. ಒಂದೆರಡು ಲಕ್ಷ ವರ್ಷಗಳೊಳಗೆ ಅದು ಆರಿಹೋಗಿದೆ, ಬೆಳಕು ಮಾತ್ರ ಇನ್ನೂ ದಾರಿಯಲ್ಲಿದೆ. ದೀಪ ಆರಿದ ಮೇಲೂ ಗೋಡೆ ಬೆಳಗುತ್ತಿರುವ ಹಾಗೆ. ಹೀಗಿರುವಾಗ 'ಈಗ ಉರಿಯುತ್ತಿದೆಯೇ' ಅಂತ ಕೇಳುವುದರಲ್ಲಿ ಅರ್ಥ ಕಡಿಮೆ. ಇದುವರೆಗೆ ಒಟ್ಟು ಎಷ್ಟು ಉರಿಯಿತು ಅಂತ ಕೇಳಬೇಕು. ಅದಕ್ಕೆ ಉತ್ತರ ಕಪ್ಪುಕುಳಿಯ ತೂಕದಲ್ಲೇ ಬರೆದಿದೆ. ಎಂ87ರ 650 ಕೋಟಿಯನ್ನು ನಾನು ಮೀಟರ್ ರೀಡಿಂಗ್ ಅಂತಲೇ ಓದುತ್ತೇನೆ.

ಮೊದಲು ಬಂದದ್ದು ಯಾವುದು, ಕಪ್ಪುಕುಳಿಯೋ ನಕ್ಷತ್ರಗಳೋ? ಜೇಮ್ಸ್ ವೆಬ್ ದೂರದರ್ಶಕ ಬಂದ ಮೇಲೆ ಈ ಪ್ರಶ್ನೆಗೆ ಹೊಸ ಬಿಸಿ ಬಂದಿದೆ. 2023ರಲ್ಲಿ ವೆಬ್ ಮತ್ತು ಚಂದ್ರಾ ಸೇರಿ ಯುಎಚ್‌ಝಡ್1 ಎಂಬ ಗ್ಯಾಲಕ್ಸಿಯಲ್ಲಿ ಕಪ್ಪುಕುಳಿ ಕಂಡವು, ಮಹಾಸ್ಫೋಟವಾಗಿ ಸುಮಾರು 47 ಕೋಟಿ ವರ್ಷಗಳಾದ ಹೊತ್ತಿನದು. ಅದರ ತೂಕ ಆ ಗ್ಯಾಲಕ್ಸಿಯ ಎಲ್ಲ ನಕ್ಷತ್ರಗಳ ತೂಕಕ್ಕೆ ಹೆಚ್ಚುಕಮ್ಮಿ ಸರಿಸಮ. ಸಾವಿರದಲ್ಲಿ ಕೆಲವು ಪಾಲು ಇರಬೇಕಾದದ್ದು ಸಮಪಾಲು! ನಕ್ಷತ್ರವಾಗದೆಯೇ ದೊಡ್ಡ ಅನಿಲದ ಮೋಡ ನೇರವಾಗಿ ಕುಸಿದರೆ ಇಂಥ ಗ್ಯಾಲಕ್ಸಿಗಳು ಸಿಗಬೇಕು ಅಂತ ಪ್ರಿಯಂವದಾ ನಟರಾಜನ್ ಮತ್ತು ಸಂಗಡಿಗರು 2017ರಲ್ಲೇ ಬರೆದಿದ್ದರು. ಹಾಗಿದ್ದರೆ ಕೆಲವು ಕಡೆಯಾದರೂ ರೆಗ್ಯುಲೇಟರ್ ಮೊದಲು ಬಂತು, ಒಲೆ ಆಮೇಲೆ.

ಮತ್ತೆ ನನ್ನ ಖಾಲಿ ಚಿತ್ರಕ್ಕೆ. 668 ನ್ಯಾನೋಮೀಟರ್ ಬಿಡುವ ಹೈಡ್ರೋಜನ್ ಫಿಲ್ಟರ್ ನನ್ನ ಹತ್ತಿರ ಇರಲಿಲ್ಲ. ಆದರೆ ಪೆಟ್ಟಿಗೆಯಲ್ಲಿ ಗಂಧಕದ ಗೆರೆಗಾಗಿ ಇಟ್ಟುಕೊಂಡಿದ್ದ ಫಿಲ್ಟರೊಂದಿತ್ತು, 672ರ ಸುತ್ತ 12 ನ್ಯಾನೋಮೀಟರ್ ಅಗಲ. ಅಂದರೆ 666ರಿಂದ 678. ಗಂಧಕಕ್ಕೆಂದು ಮಾಡಿದ ಕಿಂಡಿಯಲ್ಲಿ ಪರ್ಸಿಯಸ್ಸಿನ ಹೈಡ್ರೋಜನ್ ಸರಿಯಾಗಿ ತೂರಿಬರುತ್ತದೆ. ನಾಲ್ಕು ರಾತ್ರಿ, ಒಂಬತ್ತು ಗಂಟೆ ಬೆಳಕು ಕೂಡಿಸಿದೆ.

ಈ ಸಲ ಎಳೆಗಳು ಬಂದವು. ಉತ್ತರಕ್ಕೆ ಉದ್ದಕ್ಕೆ ಎದ್ದಿರುವ ಎಳೆ ಮೊದಲು ಕಂಡಿತು, ಆಮೇಲೆ ಪಕ್ಕದ ತುಂಡುಗಳು. ಹಬಲ್ ಚಿತ್ರಗಳಲ್ಲಿ ಒಂದೊಂದು ಎಳೆ ಸುಮಾರು 200 ಜ್ಯೋತಿರ್ವರ್ಷ ದಪ್ಪ, ಉದ್ದ ಮಾತ್ರ ಸಾವಿರಾರು ಜ್ಯೋತಿರ್ವರ್ಷ. ಅಷ್ಟು ತೆಳ್ಳಗಿದ್ದೂ ಕಡಿದುಹೋಗದೆ ನಿಂತಿರುವುದು ಕಾಂತಕ್ಷೇತ್ರದ ಹಿಡಿತದಿಂದ ಅಂತ 2008ರಲ್ಲಿ ಫೇಬಿಯನ್ ತಂಡ ವಿವರಿಸಿತ್ತು. ತಣ್ಣನೆಯ ಅನಿಲ ಅಷ್ಟಿದ್ದರೂ ಬಹುಪಾಲು ಎಳೆಗಳಲ್ಲಿ ನಕ್ಷತ್ರಗಳಿಲ್ಲ, ಕೆಲವು ಕಡೆ ಮಾತ್ರ ಎಳೆಯ ನೀಲಿ ಚುಕ್ಕೆಗಳ ಸಾಲು.

ವಾಯವ್ಯದ ಕಡೆ, ಚಿತ್ರದ ಗದ್ದಲದಲ್ಲಿ ಮುಳುಗಿಹೋಗುವಷ್ಟು ಮಸುಕಾಗಿ, ಒಂದು ಎಳೆ ಕುದುರೆಲಾಳದ ಹಾಗೆ ಬಾಗಿದೆ. ಅದರ ಸ್ವಲ್ಪ ಮೇಲೆ ಎಕ್ಸ್-ರೇಯಲ್ಲಿ ಹಳೆಯ ಗುಳ್ಳೆಯೊಂದು ಕಾಣುತ್ತದೆ. ನೀರಿನಲ್ಲಿ ಗುಳ್ಳೆ ಏಳುವಾಗ ಕೆಳಗಿನ ನೀರು ಅದರ ಹಿಂದೆಯೇ ಸುರುಳಿಯಾಗಿ ಮೇಲೆಳೆದುಕೊಳ್ಳುತ್ತದಲ್ಲ, ಆ ಬಾಗು ಅದು. ಎಂಟಿಂಚಿನ ಕನ್ನಡಿಯಲ್ಲಿ ಅದು ಹತ್ತೋ ಹನ್ನೆರಡೋ ಪಿಕ್ಸೆಲ್ ಅಗಲ. ಮೊದಲ ಸಲ ಅದನ್ನು ಕಂಡ ರಾತ್ರಿ ಕ್ಯಾಮೆರಾ ಆಫ್ ಮಾಡಲು ಮನಸ್ಸಾಗದೆ, ಮೋಡ ಬರುವ ತನಕ ಇನ್ನೂ ಎಂಟು ಚಿತ್ರ ತೆಗೆದೆ.